ಪುಟ ಸರಿಸಿದರೆ ಹೆಡ್‌ಫೋನ್ ಚಿರ್‌ಗುಡುತ್ತದೆ: ಹಾಡು ಕೇಳಲು ಅಗ್ಗದ ಸೌಂಡ್ ಕಾರ್ಡ್ ಯಾವುದು ನೋಡಲಿ?

ರಾತ್ರಿಪಾಳಿ

ನನ್ನದು ಕರಡು ತಿದ್ದುವ ಕೆಲಸ. ಮನೆಯವರೆಲ್ಲ ಮಲಗಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು, ಹೆಡ್‌ಫೋನ್ ಏರಿಸಿಕೊಂಡು, ನಾಲ್ಕೈದು ಗಂಟೆ ಪುಟ ಸರಿಸುತ್ತ ಹೋಗುತ್ತೇನೆ. ಕಿವಿಯಲ್ಲಿ ಸಂಗೀತ ಇಲ್ಲದಿದ್ದರೆ ಬಿಟ್ಟುಹೋದ ಅಲ್ಪವಿರಾಮಗಳು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಹೀಗೇಕೆ ಎಂದು ಕೇಳಬೇಡಿ.

ತೊಂದರೆ ಇದು. ನನ್ನ ಬಳಿ ಒಂಟಿ ಕೊಳಲಿನ ಒಂದು ಧ್ವನಿಮುದ್ರಣ ಇದೆ. ಶುರುವಾಗುವ ಮುನ್ನ ಐದಾರು ಸೆಕೆಂಡು ಅದರಲ್ಲಿ ಏನೂ ಇಲ್ಲ. ಆಮೇಲೆ ಉಸಿರು, ಅದರ ಹಿಂದೆಯೇ ಸ್ವರ. ಆ ಐದಾರು ಸೆಕೆಂಡಿನೊಳಗೆ ಮೌಸಿನ ಚಕ್ರ ತಿರುಗಿಸಿದರೆ ಕಿವಿಯೊಳಗೆ ಜೀರುಂಡೆ ಕೂತಂತೆ ‘ಚಿರ್‌ರ್’ ಎನ್ನುತ್ತದೆ. ನಿಧಾನವಾಗಿ ಸರಿಸಿದರೆ ಒಂದು ಬಗೆಯ ಸದ್ದು, ಬೇಗ ಸರಿಸಿದರೆ ಇನ್ನೊಂದು ಬಗೆ. ಕೈ ಬಿಟ್ಟರೆ ಮೌನ. ಮೊದಮೊದಲು ಇದು ಕೊಳಲಿನವರ ಕಡೆಯದೇ ದೋಷ ಎಂದುಕೊಂಡು ಅವರನ್ನು ಮನಸ್ಸಿನಲ್ಲೇ ಬೈದಿದ್ದೆ. ಈಗ ಕ್ಷಮೆ ಕೇಳಬೇಕಾಗಿದೆ.

ಇದಲ್ಲದೆ ಹಗಲಿನಲ್ಲಿ ಬಳಸುವ ಎರಡು ಸ್ಪೀಕರುಗಳಿವೆ, ಒಳಗೇ ಆಂಪ್ಲಿಫೈಯರ್ ಇರುವಂಥವು. ಅವುಗಳಲ್ಲಿ ಚಿರ್‌ಗುಡುವುದು ಅಷ್ಟಾಗಿ ಇಲ್ಲ. ಆದರೆ ಸದಾ ‘ಗುಂಯ್’ ಎಂಬ ಸಣ್ಣ ಹುಯಿಲು ಇದ್ದೇ ಇರುತ್ತದೆ.

ಕಂಪ್ಯೂಟರ್ ಮೇಜಿನಡಿಯ ದೊಡ್ಡ ಪೆಟ್ಟಿಗೆ, ಏಳು ವರ್ಷ ಹಳೆಯದು. ಮದರ್‌ಬೋರ್ಡಿನಲ್ಲೇ ರಿಯಲ್‌ಟೆಕ್ ಚಿಪ್ ಇದೆ. ಹೆಡ್‌ಫೋನ್ 32 ಓಮ್‌ನದು, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಹಾಡುಗಳು ಹೆಚ್ಚಾಗಿ ನನ್ನ ಸಿ.ಡಿ.ಗಳಿಂದಲೇ ಇಳಿಸಿಕೊಂಡ ಫ್ಲಾಕ್ (ಗುಣ ಕಳೆಯದೆ ಕುಗ್ಗಿಸಿದ) ಕಡತಗಳು, ಜೊತೆಗೆ ಒಂದಿಷ್ಟು ಹಳೆಯ ಎಂಪಿ3. ಆಟ ಆಡುವುದಿಲ್ಲ, ಹಾಡುವುದಿಲ್ಲ, ಮೈಕ್ ಬೇಡ, ಕೋಣೆಯ ಎಂಟು ಮೂಲೆಯಿಂದ ಸದ್ದು ಬರುವುದೂ ಬೇಡ.

ವಾರದಿಂದ ಹುಡುಕಿ ತಲೆ ಕೆಟ್ಟಿದೆ. ಒಳಗೆ ಕೂರಿಸುವ ಕಾರ್ಡಿನವರು ಹಾಡಿಗೂ ಹಿನ್ನೆಲೆಯ ಗದ್ದಲಕ್ಕೂ ನಡುವೆ 116 ಡೆಸಿಬೆಲ್ ಅಂತರ ಎನ್ನುತ್ತಾರೆ. ಹೊರಗಿನ ಪೆಟ್ಟಿಗೆಯವರು 32 ಬಿಟ್, 384 ಕಿಲೋಹರ್ಟ್ಸ್ ಎನ್ನುತ್ತಾರೆ. ಇನ್ನೊಂದು ಯುಎಸ್‌ಬಿ ಅಡಾಪ್ಟರ್, ಹೆಬ್ಬೆರಳಿನಷ್ಟಿದೆ, ಮೇಲೆ ಏನೂ ಬರೆದೇ ಇಲ್ಲ. ಜೇಬು ಮೂರನೆಯದರ ಕಡೆ ವಾಲುತ್ತಿದೆ, ಮನಸ್ಸು ಎರಡನೆಯದರ ಕಡೆ. ಬಲ್ಲವರು ಹೇಳಿ.

ಬೆಸುಗೆಕೋಲು

ಇನ್ನೂ ಏನನ್ನೂ ಕೊಳ್ಳಬೇಡಿ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ರೋಗಗಳು. ಒಂದೇ ಔಷಧ ಹುಡುಕುತ್ತಿದ್ದೀರಿ.

ಒಂದು ಪ್ರಶ್ನೆ. ಹೆಡ್‌ಫೋನಿನ ಪಿನ್ನನ್ನು ಪೆಟ್ಟಿಗೆಯ ಮುಂಭಾಗದಲ್ಲಿ ಸಿಕ್ಕಿಸುತ್ತೀರೋ, ಹಿಂಭಾಗದಲ್ಲೋ? ಮುಂದೆ ಎಂದೇ ನನ್ನ ಊಹೆ. ಮೇಜಿನಡಿಗೆ ತೂರಿ ಹಿಂದೆ ಕೈ ಹಾಕುವ ಉತ್ಸಾಹ ಯಾರಿಗಿದೆ!

ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಿ ನೋಡಿ. ಮದರ್‌ಬೋರ್ಡಿನ ಕೆಳಮೂಲೆಯಿಂದ ಒಂದು ತೆಳ್ಳನೆಯ ಕೇಬಲ್ ಹೊರಟು, ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯ ಕೆಳಗೆ ಹಾದು, ಮುಂಭಾಗಕ್ಕೆ ಬಂದಿರುತ್ತದೆ. ನಿಮ್ಮ ಕೊಳಲು ಆ ದಾರಿಯಲ್ಲಿ ನಡೆದು ಬರುತ್ತಿದೆ. ಅಗ್ಗದ ಪೆಟ್ಟಿಗೆಗಳಲ್ಲಿ ಆ ತಂತಿಗೆ ರಕ್ಷಣೆಯ ಜಾಲರಿ ಇರುವುದಿಲ್ಲ. ಸಾಲದ್ದಕ್ಕೆ ಮುಂದಿನ ಯುಎಸ್‌ಬಿ ಕಿಂಡಿಗಳಿಗೂ ಹೆಡ್‌ಫೋನಿಗೂ ನೆಲದ ತಂತಿ (ಗ್ರೌಂಡ್) ಒಂದೇ ಆಗಿರುವುದುಂಟು. ನೀವು ಪುಟ ಸರಿಸಿದಾಗ ಪರದೆಯನ್ನು ಹೊಸದಾಗಿ ಬಿಡಿಸಬೇಕು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಗಬಕ್ಕನೆ ಕರೆಂಟ್ ಎಳೆಯುತ್ತವೆ. ಆ ಎಳೆತ ವೋಲ್ಟೇಜಿನ ಸಣ್ಣ ಅಲುಗಾಟವಾಗಿ ಪಕ್ಕದ ತಂತಿಗೆ ಸೋರುತ್ತದೆ. ನೀವು ಜೀರುಂಡೆ ಎಂದಿರಲ್ಲ, ಅದು ನಿಮ್ಮ ಪುಟವೇ. ನಿಮ್ಮ ಕರಡನ್ನು ನೀವು ಕಿವಿಯಿಂದಲೂ ಓದುತ್ತಿದ್ದೀರಿ.

ಹಿಂದಿನ ತಿಳಿಹಸಿರು ಜಾಕಿಗೆ ಹೆಡ್‌ಫೋನ್ ಸಿಕ್ಕಿಸಿ, ಅದೇ ಐದಾರು ಸೆಕೆಂಡು ಕೇಳಿ. ಎಷ್ಟು ಕಡಿಮೆಯಾಯಿತು ಎಂದು ಬರೆಯಿರಿ. ಹಾಗೆಯೇ ಸ್ಪೀಕರ್ ಚಾಲೂ ಇಟ್ಟುಕೊಂಡು, ಅದರ ಆಡಿಯೋ ಕೇಬಲನ್ನು ಕಂಪ್ಯೂಟರಿನ ಕಡೆಯಿಂದ ಮಾತ್ರ ಕಿತ್ತು, ಗುಂಯ್ ನಿಲ್ಲುತ್ತದೆಯೋ ನೋಡಿ. ಎರಡಕ್ಕೂ ಖರ್ಚಿಲ್ಲ, ಮಂಡಿ ಸ್ವಲ್ಪ ನೋಯಬಹುದು.

ಮಂದ್ರ

ಬೆಸುಗೆಕೋಲು ಅವರು ಯಾವಾಗಲೂ ‘ಕೊಳ್ಳಬೇಡಿ’ ಎಂದೇ ಶುರು ಮಾಡುತ್ತಾರೆ. ನಾನು ಕೊಳ್ಳಿ ಎನ್ನುತ್ತೇನೆ.

ಮದರ್‌ಬೋರ್ಡಿನ ಚಿಪ್ಪಿಗೂ ನಿಜವಾದ ಕಾರ್ಡಿಗೂ ಅಜಗಜಾಂತರ. ನನ್ನದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್, ಮೇಲೆ ಲೋಹದ ಕವಚ ಇದೆ, ಸದ್ದಿನ ಸಂಕೇತವನ್ನು ಹಿಗ್ಗಿಸುವ ಆಪ್‌ಆಂಪ್ ಚಿಪ್ಪುಗಳು ಸಾಕೆಟ್ಟಿನಲ್ಲಿ ಕೂತಿವೆ. ಹಳೆಯವನ್ನು ಕಿತ್ತು ಒಳ್ಳೆಯವನ್ನು ಹಾಕಿದ ದಿನ ಪರದೆ ಸರಿದಂತೆ ಆಯಿತು. ಪಿಟೀಲಿನ ಕಮಾನು ತಂತಿಗೆ ತಗಲುವುದು ಬೇರೆ, ತಂತಿ ನುಡಿಯುವುದು ಬೇರೆ ಎಂದು ಕೇಳತೊಡಗಿತು. ಸಂಖ್ಯೆಗಳು ಸುಮ್ಮನೆ ಇರುವುದಿಲ್ಲ. 116 ಅಂದರೆ 116.

ಬೆಸುಗೆಕೋಲು

ಮಂದ್ರ ಅವರೇ, ಆಪ್‌ಆಂಪ್ ಬದಲಾಯಿಸುವ ಹುಚ್ಚು ನನಗೂ ಹಿಡಿದಿತ್ತು. ನನ್ನ ಹೆಸರೇ ಹೇಳುತ್ತದೆ. ಒಂದು ರಾತ್ರಿ ಮೂರು ಬಗೆಯ ಚಿಪ್ ಹಾಕಿ ತೆಗೆದು, ಪ್ರತಿಯೊಂದಕ್ಕೂ ಅರ್ಧ ಪುಟ ವಿಮರ್ಶೆ ಬರೆದಿಟ್ಟಿದ್ದೆ: ‘ಬೆಚ್ಚಗಿದೆ’, ‘ಗಾಳಿ ಆಡುತ್ತಿದೆ’ ಎಂದೆಲ್ಲ. ಚಿಪ್ ಬದಲಿಸಲು ಕಂಪ್ಯೂಟರ್ ಆರಿಸಿ, ಬಿಚ್ಚಿ, ಕೂರಿಸಿ, ಮತ್ತೆ ಏಳಿಸಲು ಪ್ರತಿ ಬಾರಿ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದ ಹಿಂದಿನ ಸದ್ದನ್ನು ಯಾರ ಕಿವಿ ನೆನಪಿಟ್ಟುಕೊಳ್ಳುತ್ತದೆ? ಆಮೇಲೆ ಮೂರರ ಔಟ್‌ಪುಟ್ಟನ್ನೂ ಕಡತವಾಗಿ ಧ್ವನಿಮುದ್ರಿಸಿಕೊಂಡು, ಸದ್ದಿನ ಮಟ್ಟ ಸರಿಸಮ ಮಾಡಿ, ಹಾಡು ನುಡಿಸುವ ಫೂಬಾರ್ 2000 ತಂತ್ರಾಂಶದಲ್ಲಿ ಕುರುಡು ಪರೀಕ್ಷೆ ಮಾಡಿದೆ. ಯಾವುದು ಯಾವುದು ಎಂದು ತೋರಿಸದೆ ನುಡಿಸುತ್ತದೆ, ನಾವು ಗುರುತಿಸಬೇಕು. 16 ಬಾರಿಗೆ 12 ಸರಿ ಬಂದರೆ ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಮಾತ್ರ. ಆಗ ಏನೋ ಇದೆ ಎನ್ನಬಹುದು. ನನಗೆ ಬಂದದ್ದು 9. ವಿಮರ್ಶೆಯ ಹಾಳೆಗಳನ್ನು ಹರಿದು ಹಾಕಿದೆ.

ಸದ್ದಿನ ಮಟ್ಟ ಸರಿಸಮ ಮಾಡುವುದು ಮುಖ್ಯ. ಒಂದು ಕಾರ್ಡ್ ಇನ್ನೊಂದಕ್ಕಿಂತ ಒಂದು ಡೆಸಿಬೆಲ್ ಜೋರಾಗಿದ್ದರೆ ನಮಗೆ ಅದು ‘ಜೋರು’ ಎಂದು ಅನ್ನಿಸುವುದಿಲ್ಲ, ‘ಚೆನ್ನ’ ಎಂದು ಅನ್ನಿಸುತ್ತದೆ. ಕೊಂಡ ದಿನ ಎಲ್ಲ ಹೊಸ ಕಾರ್ಡೂ ಚೆನ್ನಾಗಿ ಕೇಳುವುದಕ್ಕೆ ಅರ್ಧ ಕಾರಣ ಇದೇ. ಇನ್ನರ್ಧ ರಸೀದಿ.

ಸಂಖ್ಯೆಗಳ ಮಾತಿಗೆ ಬರೋಣ. ಸಿ.ಡಿ. ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್. ಒಂದು ಬಿಟ್ಟಿಗೆ ಸುಮಾರು ಆರು ಡೆಸಿಬೆಲ್ ಲೆಕ್ಕದಲ್ಲಿ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ 96 ಡೆಸಿಬೆಲ್ ಅಂತರ ಅದರಲ್ಲಿ ಹಿಡಿಯುತ್ತದೆ. ಕೊಳಲಿನವರು ಉಸಿರೆಳೆದ ಕೋಣೆಯ ಸದ್ದೇ ಆ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. 44.1ರಲ್ಲಿ ಅದರ ಅರ್ಧದವರೆಗಿನ, ಅಂದರೆ 22 ಕಿಲೋಹರ್ಟ್ಸ್‌ವರೆಗಿನ ಸ್ವರಗಳು ಬರುತ್ತವೆ; ಎಳೆಯ ಕಿವಿಗೂ 20 ದಾಟುವುದಿಲ್ಲ, ನಮ್ಮಂಥವರದು ಅದಕ್ಕಿಂತ ಎಷ್ಟೋ ಕೆಳಗೆ ನಿಂತುಬಿಡುತ್ತದೆ. ಹೀಗಿರುವಾಗ ಸಿ.ಡಿ.ಯಿಂದ ಇಳಿಸಿದ ಕಡತಕ್ಕೆ 384 ಕಿಲೋಹರ್ಟ್ಸ್ ಕಟ್ಟಿಕೊಂಡು ಏನು ಮಾಡುವುದು? ಕೆರೆಯಲ್ಲಿ ಇಲ್ಲದ ನೀರನ್ನು ದೊಡ್ಡ ಕೊಡ ತಂದುಕೊಡುವುದಿಲ್ಲ.

116ರ ಬಗ್ಗೆ: ಎಷ್ಟೋ ಸಲ ಅದು ಚಿಪ್ ತಯಾರಿಸಿದವರ ಹಾಳೆಯಿಂದ ಎತ್ತಿಕೊಂಡ ಸಂಖ್ಯೆ. ಚಿಪ್ಪಿನ ಸುತ್ತ ಹಾಕಿದ ಸರ್ಕ್ಯೂಟ್ ಹೇಗಿದೆ, ನೆಲದ ತಂತಿಯನ್ನು ಹೇಗೆ ಎಳೆದಿದ್ದಾರೆ ಎಂಬುದು ಅದರಲ್ಲಿ ಇರುವುದಿಲ್ಲ. ಅಳೆದು ನೋಡಿದವರ ವರದಿ ಸಿಕ್ಕರೆ ಅದನ್ನು ಓದಿ, ಡಬ್ಬಿಯ ಮೇಲಿನದನ್ನಲ್ಲ.

ಕಾರ್ಡ್ ಇಲ್ಲದೆ ಕಂಪ್ಯೂಟರ್ ಹಾಡುವುದೇ ಇಲ್ಲ ಎಂಬ ನಂಬಿಕೆಗೂ ಒಂದು ಚರಿತ್ರೆ ಇದೆ. 1989ರಲ್ಲಿ ಮೊದಲ ಸೌಂಡ್ ಬ್ಲಾಸ್ಟರ್ ಕಾರ್ಡ್ ಬಂದಾಗ ಪಿ.ಸಿ.ಯ ಗಂಟಲಿನಲ್ಲಿ ಇದ್ದದ್ದು ‘ಬೀಪ್’ ಒಂದೇ. 1997ರ ಎಸಿ’97 (ಮದರ್‌ಬೋರ್ಡಿನ ಸದ್ದಿಗೆ ಇಂಟೆಲ್‌ನವರ ಮಾನಕ) ಕಾಲದ ಮದರ್‌ಬೋರ್ಡುಗಳಲ್ಲಿ ಬಹಳಷ್ಟು ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ಬದಲಿಸಿಯೇ ನುಡಿಸುತ್ತಿದ್ದವು, ಹಿನ್ನೆಲೆಯಲ್ಲಿ ‘ಸುಸ್’ ಎಂಬ ಸದ್ದೂ ಇತ್ತು. ಆಗ ಕಾರ್ಡ್ ಕೊಂಡವರು ಜಾಣರು. 2004ರಲ್ಲಿ ಇಂಟೆಲ್‌ನವರದೇ ಹೊಸ ಮಾನಕ ಎಚ್‌ಡಿ ಆಡಿಯೋ ಬಂದ ಮೇಲೆ ಮದರ್‌ಬೋರ್ಡಿನ ಚಿಪ್ಪುಗಳು ತಕ್ಕಮಟ್ಟಿಗೆ ಸುಧಾರಿಸಿದವು. ನಂಬಿಕೆ ಮಾತ್ರ ಅಲ್ಲೇ ಉಳಿಯಿತು.

ಮಂದ್ರ

9 ಬಂದದ್ದು ನಿಮ್ಮ ಕಿವಿಗೆ. ನನ್ನ ಕಿವಿಯ ಪರೀಕ್ಷೆ ನೀವು ಮಾಡಿಲ್ಲ. ಇರಲಿ, ವಾರಾಂತ್ಯಕ್ಕೆ ನಾನೂ ಮಾಡಿ ನೋಡುತ್ತೇನೆ.

ರಾತ್ರಿಪಾಳಿ

ಮಂಡಿ ನೋಯುತ್ತಿದೆ. ವರದಿ ಇಗೋ.

ಹೆಡ್‌ಫೋನನ್ನು ಹಿಂದಿನ ಜಾಕಿಗೆ ಹಾಕಿದೆ. ಜೀರುಂಡೆ ಸಾಯಲಿಲ್ಲ, ಆದರೆ ಕಿವಿಯೊಳಗಿಂದ ಎದ್ದು ಪಕ್ಕದ ಮನೆಗೆ ಹೋಗಿದೆ. ಧ್ವನಿ ಪೂರ್ತಿ ಏರಿಸಿದರೆ ಮಾತ್ರ ಕೇಳುತ್ತದೆ. ಕೊಳಲು ಶುರುವಾದ ಮೇಲಂತೂ ಇಲ್ಲವೇ ಇಲ್ಲ. ಪಕ್ಕದ ಹಲಗೆ ಬಿಚ್ಚಿದೆ, ನೀವು ಹೇಳಿದ ಆ ತಂತಿ ನೀವು ಹೇಳಿದ ದಾರಿಯಲ್ಲೇ ಇದೆ. ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ಒರಗಿಕೊಂಡು ಮಲಗಿದೆ. ಏಳು ವರ್ಷದ ದೂಳೂ ಇತ್ತು, ಅದರ ವರ್ಣನೆ ಬೇಡ.

ಆದರೆ ಹಿಂದಿನ ಜಾಕ್ ಬಳಸುವುದು ನನಗಾಗದ ಮಾತು. ಹೆಡ್‌ಫೋನಿನ ತಂತಿ ಗಿಡ್ಡ. ಒಮ್ಮೆ ಕುರ್ಚಿ ಹಿಂದೆ ಸರಿಸಿದ್ದಕ್ಕೆ ತಲೆ ಹಿಂದಕ್ಕೆ ಜಗ್ಗಿತು. ಸ್ಪೀಕರಿನ ಪಿನ್ ಕಿತ್ತು ಇದನ್ನು ಹಾಕು, ಇದನ್ನು ಕಿತ್ತು ಅದನ್ನು ಹಾಕು ಎಂದು ದಿನಕ್ಕೆರಡು ಸಲ ಮೇಜಿನಡಿಗೆ ಹೋಗುವುದೂ ಆಗದು.

ಸ್ಪೀಕರ್: ಕಂಪ್ಯೂಟರಿನ ಕಡೆಯಿಂದ ಕೇಬಲ್ ಕಿತ್ತ ಕ್ಷಣವೇ ಗುಂಯ್ ನಿಂತಿತು. ಮತ್ತೆ ಸಿಕ್ಕಿಸಿದರೆ ಮತ್ತೆ ಗುಂಯ್. ಇದಕ್ಕೆ ಏನರ್ಥ? ಒಂದು ಹೊರಗಿನ ಯುಎಸ್‌ಬಿ ಪೆಟ್ಟಿಗೆ ತಂದರೆ ಎರಡೂ ಹೋಗುವುದಿಲ್ಲವೇ?

ಪೆಂಗ್ವಿನ್‌ಮರಿ

ನಡುವೆ ಬಾಯಿ ಹಾಕುತ್ತೇನೆ. ಯುಎಸ್‌ಬಿಯದನ್ನು ಕೊಳ್ಳುವುದಾದರೆ ಪ್ರತ್ಯೇಕ ಡ್ರೈವರ್ ಕೇಳದಂಥದ್ದನ್ನೇ ಆರಿಸಿ. ‘ಯುಎಸ್‌ಬಿ ಆಡಿಯೋ ಕ್ಲಾಸ್’ ಎಂಬ ಸಾಮಾನ್ಯ ನಿಯಮ ಪಾಲಿಸುವ ಸಾಧನಗಳು ಲಿನಕ್ಸ್‌ನಲ್ಲಿ ಸಿಕ್ಕಿಸಿದೊಡನೆ ನುಡಿಯುತ್ತವೆ. ವಿಂಡೋಸ್‌ನಲ್ಲೂ ಮೊದಲ ಕ್ಲಾಸಿನವು ಬಹಳ ಹಿಂದಿನಿಂದ ನಡೆಯುತ್ತವೆ. ಎರಡನೆಯ ಕ್ಲಾಸಿನವಕ್ಕೆ ವಿಂಡೋಸ್ 10ರ 2017ರ ಆವೃತ್ತಿಯಿಂದ ಒಳಗೇ ಡ್ರೈವರ್ ಇದೆ. ಮೊದಲ ಕ್ಲಾಸ್ 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ, ನಿಮಗೆ ಅದೇ ಹೆಚ್ಚು. ತಯಾರಕರು ಡ್ರೈವರ್ ಕೊಡುವುದನ್ನು ನಿಲ್ಲಿಸಿದ್ದರಿಂದ ಸರಿಯಾಗಿಯೇ ಇದ್ದ ಎರಡು ಕಾರ್ಡುಗಳನ್ನು ನಾನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ. ಕಬ್ಬಿಣ ಗಟ್ಟಿಯಾಗಿತ್ತು, ತಂತ್ರಾಂಶ ಮೊದಲು ಸತ್ತಿತು.

ಬೆಸುಗೆಕೋಲು

ಪೆಂಗ್ವಿನ್‌ಮರಿ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿಬಿಡುತ್ತೇನೆ. ಹಳೆಯ ಕಾರ್ಡ್ ಒಂದನ್ನು ಅಗ್ಗವೆಂದು ತಂದೆ. ತನ್ನ ಕಾಲದಲ್ಲಿ ಒಳ್ಳೆಯ ಹೆಸರಿದ್ದ ಕಾರ್ಡ್. ಪೆಟ್ಟಿಗೆ ಬಿಚ್ಚಿ ನೋಡಿದರೆ ಅದು ಹಳೆಯ ಪಿಸಿಐನದು; ನನ್ನ ಮದರ್‌ಬೋರ್ಡಿನಲ್ಲಿ ಇದ್ದದ್ದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳು ಮಾತ್ರ. ಹೆಸರು ಅರ್ಧ ಒಂದೇ, ಕಚ್ಚು ಬೇರೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. ಈಗ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಡಲು ಉಪಯೋಗವಾಗುತ್ತಿದೆ. ಬಳಸಿದ ಮಾಲು ಕೊಳ್ಳುವವರು ಸ್ಲಾಟನ್ನೂ ಡ್ರೈವರನ್ನೂ ಮೊದಲು ನೋಡಿ.

ಈಗ ನಿಮ್ಮ ಗುಂಯ್. ಇದು ಅರ್ಥಿಂಗಿನ ಸುತ್ತು. ಕಂಪ್ಯೂಟರಿಗೆ ಮೂರು ಪಿನ್ನಿನ ಪ್ಲಗ್, ಸ್ಪೀಕರಿಗೂ ಮೂರು ಪಿನ್ನಿನ ಪ್ಲಗ್, ಎರಡೂ ಅರ್ಥಿಗೆ ಸೇರಿವೆ. ನಡುವೆ ಆಡಿಯೋ ಕೇಬಲ್ಲಿನ ಹೊರತಂತಿ ಮತ್ತೆ ಅವನ್ನು ಜೋಡಿಸಿದೆ. ಅಲ್ಲಿಗೆ ಒಂದು ದೊಡ್ಡ ಉಂಗುರ ಆಯಿತು. ಮನೆಯ ವಿದ್ಯುತ್ತಿನ 50 ಅಥವಾ 60 ಹರ್ಟ್ಸ್ ಆ ಉಂಗುರದಲ್ಲಿ ಸುತ್ತುತ್ತ ಹಾಡಿನೊಳಗೆ ಇಣುಕುತ್ತದೆ. ಕೇಬಲ್ ಕಿತ್ತಾಗ ಉಂಗುರ ಕಡಿಯಿತು, ಸದ್ದು ನಿಂತಿತು.

ಯುಎಸ್‌ಬಿ ಪೆಟ್ಟಿಗೆ ತಂದರೆ ಇದು ಹೋಗುತ್ತದೆ ಎಂಬ ಭರವಸೆ ಇಲ್ಲ, ಏಕೆಂದರೆ ಯುಎಸ್‌ಬಿ ಕೇಬಲ್ಲಿನಲ್ಲೂ ನೆಲದ ತಂತಿ ಇದೆ. ಉಂಗುರ ಇನ್ನೊಂದು ದಾರಿಯಲ್ಲಿ ಕೂಡಿಕೊಳ್ಳುತ್ತದೆ. ಎಷ್ಟೋ ಜನ ಇಲ್ಲೇ ಮೋಸಹೋಗಿ, ಹೊಸ ಪೆಟ್ಟಿಗೆಯನ್ನು ಬೈದು, ಇನ್ನೂ ದುಬಾರಿಯದನ್ನು ತರುತ್ತಾರೆ. ಮೊದಲು ಎರಡನ್ನೂ ಒಂದೇ ವಿಸ್ತರಣಾ ಬೋರ್ಡಿಗೆ ಹಾಕಿ ನೋಡಿ, ಉಂಗುರ ಚಿಕ್ಕದಾದಷ್ಟೂ ಗುಂಯ್ ಕಡಿಮೆ. ಅದಕ್ಕೂ ಬಗ್ಗದಿದ್ದರೆ ಆಡಿಯೋ ಕೇಬಲ್ಲಿನ ನಡುವೆ ಹಾಕುವ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ತಂತಿಗಳನ್ನು ನೇರವಾಗಿ ಸೇರಿಸದೆ ಸದ್ದನ್ನು ಮಾತ್ರ ದಾಟಿಸುತ್ತದೆ. ಸ್ಪೀಕರಿಗೆ ಆಪ್ಟಿಕಲ್ ಇನ್‌ಪುಟ್ ಇದ್ದರೆ ಇನ್ನೂ ಚೆನ್ನ. ಅದರಲ್ಲಿ ಹೋಗುವುದು ಬೆಳಕು ಮಾತ್ರ, ತಂತಿಯೇ ಇಲ್ಲ, ಉಂಗುರವೂ ಇಲ್ಲ. ಮೂರನೆಯ ಪಿನ್ನನ್ನು ಮುರಿದು ಹಾಕಿ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಸದ್ದು ನಿಲ್ಲುತ್ತದೆ, ನಿಜ. ಒಂದು ದಿನ ನೀವೂ ನಿಲ್ಲಬಹುದು.

ಹೆಡ್‌ಫೋನಿಗೆ ಮಾತ್ರ, ಹೌದು, ಈಗ ಕೊಳ್ಳಿ. ನಿಮಗೆ ಬೇಕಾದದ್ದು ಆ ಹೆಬ್ಬೆರಳಿನಷ್ಟಿರುವುದೇ. ಆದರೆ ಒಂದು ವಿಷಯ ನೋಡಿಕೊಂಡು ಕೊಳ್ಳಿ. ಡಬ್ಬಿಯ ಮೇಲೆ ಯಾರೂ ಬರೆಯದ ವಿಷಯ ಅದು: ಹೆಡ್‌ಫೋನ್ ಜಾಕಿನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಜಾಕ್ ತಾನೇ ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ಗಳಲ್ಲಿ.

ಒಂದು ಕಾಲದಲ್ಲಿ ನಾನು ಬಳಸುತ್ತಿದ್ದ ಪೆಟ್ಟಿಗೆಯದು ಸುಮಾರು 50 ಓಮ್ ಇತ್ತು. ನನ್ನ ಹೆಡ್‌ಫೋನ್ ಹೆಸರಿಗೆ 32 ಓಮ್‌ನದು. ಆದರೆ ತಗ್ಗು ಸ್ವರಗಳ ಒಂದು ಕಡೆ ಅದು 100 ಓಮ್‌ವರೆಗೆ ಏರುತ್ತಿತ್ತು. ಲೆಕ್ಕ ಹಾಕಿ. 50ರ ಜೊತೆ 32 ಸರಣಿಯಲ್ಲಿ ನಿಂತರೆ ವೋಲ್ಟೇಜಿನ 39 ಶೇಕಡಾ ಹೆಡ್‌ಫೋನಿಗೆ ಸಿಗುತ್ತದೆ. 100 ನಿಂತರೆ 67 ಶೇಕಡಾ. ಅಂದರೆ ಆ ಒಂದು ಜಾಗದಲ್ಲಿ ಸದ್ದು ನಾಲ್ಕೂವರೆ ಡೆಸಿಬೆಲ್‌ಗಿಂತ ಹೆಚ್ಚು ಉಬ್ಬುತ್ತದೆ. ಎರಡು ವರ್ಷ ಆ ಉಬ್ಬನ್ನೇ ‘ಗಂಭೀರ ನಾದ’ ಎಂದು ಸ್ನೇಹಿತರಿಗೆಲ್ಲ ಕೇಳಿಸಿದೆ. ಅದೇ ಔಟ್‌ಪುಟ್ 2 ಓಮ್ ಇದ್ದಿದ್ದರೆ ವ್ಯತ್ಯಾಸ ಅರ್ಧ ಡೆಸಿಬೆಲ್ಲೂ ಆಗುತ್ತಿರಲಿಲ್ಲ. ಹೆಡ್‌ಫೋನಿನ ಇಂಪಿಡೆನ್ಸ್‌ನ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸಾಕು ಎಂಬುದು ವಾಡಿಕೆಯ ಅಳತೆ. ನಿಮಗೆ 4 ಓಮ್. ಕೇಳಿದ ಕೂಡಲೇ ತಿಳಿಯುವ ವ್ಯತ್ಯಾಸ ಎಂದರೆ ಇಂಥದ್ದು, ಆಪ್‌ಆಂಪಿನದಲ್ಲ.

ಬಲದ ಚಿಂತೆ ಬೇಡ. 1 ವೋಲ್ಟ್ ಕೊಡುವ ಅಡಾಪ್ಟರ್ 32 ಓಮ್ ಹೆಡ್‌ಫೋನಿಗೆ 31 ಮಿಲಿವಾಟ್ ಕೊಟ್ಟಂತೆ; ರಾತ್ರಿ ಕೆಲಸಕ್ಕೆ ಅದರ ಕಾಲು ಭಾಗವೂ ಬೇಕಾಗುವುದಿಲ್ಲ. 300 ಓಮ್‌ನದಾಗಿದ್ದರೆ ಬರೀ 3 ಮಿಲಿವಾಟ್ ಸಿಗುತ್ತಿತ್ತು, ಆಗ ದೊಡ್ಡ ಪೆಟ್ಟಿಗೆಯ ಮಾತು ಬರುತ್ತಿತ್ತು. ಮೊಬೈಲಿಗೆಂದು ಆಪಲ್‌ನವರು ಮಾರುವ ಯುಎಸ್‌ಬಿ-ಸಿ ಹೆಡ್‌ಫೋನ್ ಅಡಾಪ್ಟರ್ ಕಂಪ್ಯೂಟರಿನಲ್ಲೂ ನಡೆಯುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ಗೆ ನಿಂತರೂ ಅಳೆದವರೆಲ್ಲ ಬೆರಗಾಗಿದ್ದಾರೆ. ಆ ಜಾತಿಯದು ಯಾವುದಾದರೂ ಆದೀತು. ಹಿಂದಿನ ಯುಎಸ್‌ಬಿ ಕಿಂಡಿಗೆ ಒಂದು ವಿಸ್ತರಣಾ ಕೇಬಲ್ ಹಾಕಿ ಮೇಜಿನ ಮೇಲಕ್ಕೆ ತನ್ನಿ. ಅಂಕಿಗಳಾಗಿ ಹೋಗುವ ಸದ್ದಿಗೆ ದಾರಿಯಲ್ಲಿ ಜೀರುಂಡೆ ಹತ್ತುವುದಿಲ್ಲ.

ಉಳಿಸಿದ ಹಣವನ್ನು ಹೆಡ್‌ಫೋನಿಗೆ ಇಡಿ. ಅದರ ಮೆತ್ತೆಗಳು ಹೇಗಿವೆ? ಮುಚ್ಚಿದ ಹೆಡ್‌ಫೋನಿನ ಮೆತ್ತೆ ಬಿರಿದರೆ ತಗ್ಗು ಸ್ವರ ಸೋರಿಹೋಗುತ್ತದೆ, ಯಾವ ಕಾರ್ಡೂ ಅದನ್ನು ವಾಪಸ್ ತರುವುದಿಲ್ಲ.

ಮಂದ್ರ

ಮಾಡಿದೆ. 16ಕ್ಕೆ 8. ಕಾರ್ಡನ್ನು ಮಾತ್ರ ಮಾರುವುದಿಲ್ಲ, ನೋಡಲು ಚೆನ್ನಾಗಿದೆ.

ರಾತ್ರಿಪಾಳಿ

ಅಡಾಪ್ಟರ್ ಬಂತು. ಬೆಂಕಿಪೊಟ್ಟಣದಲ್ಲಿ ಮೂರು ಹಿಡಿಯುತ್ತವೆ. ಮೊದಲ ಸಂಜೆ ಚಿಕ್ಕ ಗಲಿಬಿಲಿಯಾಯಿತು: ವಿಂಡೋಸ್ ತನ್ನಷ್ಟಕ್ಕೇ ‘ಧ್ವನಿ ಸುಧಾರಣೆ’ಯನ್ನು ಚಾಲೂ ಮಾಡಿಕೊಂಡಿತ್ತು, ಕೊಳಲು ಸ್ನಾನದ ಕೋಣೆಯಿಂದ ಬಂದಂತೆ ಕೇಳಿತು. ಅದನ್ನು ಆರಿಸಿದ ಮೇಲೆ ಸರಿಹೋಯಿತು.

ಆ ಐದಾರು ಸೆಕೆಂಡನ್ನು ಹತ್ತು ಸಲ ಹಾಕಿ ಕೇಳಿದೆ, ಮೌಸಿನ ಚಕ್ರವನ್ನು ಹುಚ್ಚನಂತೆ ತಿರುಗಿಸುತ್ತ. ಜೀರುಂಡೆ ಇಲ್ಲ. ಅಲ್ಲಿ ಏನೂ ಇಲ್ಲ ಎಂದು ಬರೆದಿದ್ದೆನಲ್ಲ, ಅದು ತಪ್ಪು. ಮೂರನೆಯ ಸೆಕೆಂಡಿನಲ್ಲಿ ಯಾರದೋ ಕುರ್ಚಿ ಕಿರುಗುಡುತ್ತದೆ. ಹಳೆಯ ಎಂಪಿ3ಗಳ ಬಣ್ಣವೂ ಬಯಲಾಯಿತು. 128 ಕಿಲೋಬಿಟ್‌ನ ಒಂದರಲ್ಲಿ ಚಪ್ಪಾಳೆ ಎಣ್ಣೆಯಲ್ಲಿ ಏನೋ ಕರಿದಂತೆ ಕೇಳುತ್ತದೆ. ಅವುಗಳ ಸಿ.ಡಿ. ಹುಡುಕಬೇಕು.

ಸ್ಪೀಕರ್ ಮತ್ತು ಕಂಪ್ಯೂಟರನ್ನು ಒಂದೇ ಬೋರ್ಡಿಗೆ ಹಾಕಿದ್ದೇನೆ. ಗುಂಯ್ ಮುಕ್ಕಾಲು ಹೋಗಿದೆ. ಉಳಿದ ಕಾಲು ಹಗಲಿನ ಗದ್ದಲದಲ್ಲಿ ಕೇಳುವುದಿಲ್ಲ, ಟ್ರಾನ್ಸ್‌ಫಾರ್ಮರ್ ಸದ್ಯಕ್ಕೆ ಬೇಡ.

ಮೆತ್ತೆ ನೋಡಿದೆ. ಎಡಗಡೆಯದು ಹೊಲಿಗೆಯ ಉದ್ದಕ್ಕೂ ಬಿರಿದಿದೆ, ನಾನು ಆ ಕಡೆಗೇ ಕೈ ಊರಿ ಕೂರುತ್ತೇನೆ. ಹೊಸ ಮೆತ್ತೆ ಕೊಳ್ಳುವಾಗ ಒಳಸುತ್ತಿನ ಅಳತೆ ನೋಡಬೇಕೋ, ಹೊರಸುತ್ತಿನದೋ?

ಬೆಸುಗೆಕೋಲು

ಎರಡೂ. ದಪ್ಪವನ್ನೂ. ಹಳೆಯದನ್ನು ಕಿತ್ತು ಅಳೆದು ಬರೆಯಿರಿ.